ಆಳು ಮತ್ತು ಆಳ್ವಿಕೆ: ಕೋಲಾರ ಸೀಮೆಯ ಜನಪ್ರಿಯ ಕಲೆಗಳಲ್ಲಿ ಗಂಡಸುತನದ ಪಾಠ

1

ಕನ್ನಡದ ‘ಆಳು’ ಎಂಬ ಶಬ್ದದ ಅರ್ಥವ್ಯಾಪ್ತಿ ವಿಚಾರಕ್ಕೆ ಯೋಗ್ಯವಾದುದು. ನಾಮಪದವಾಗಿ ಅದು ಮನುಷ್ಯ, ಸೇವಕ, ಯೋಧ, ಕೂಲಿಕಾರ ಎಂಬ ಅರ್ಥಗಳನ್ನು ಕೊಡುವುದು. ಕ್ರಿಯಾಪದವಾದಾಗ ಒಡೆತನ ನಡೆಸು, ರಾಜ್ಯಭಾರ ಮಾಡು ಎಂದಾಗುವುದು. ಹಳಗನ್ನಡದಲ್ಲಿ ‘ಆಳ್ತನ’ವೆಂದರೆ ಶೌರ್ಯ. ‘ಗಂಡ’ ಎಂಬ ಮಾತಿಗೂ ಇಂತಹುದೇ ಚರಿತ್ರೆಯುಂಟು. ಶಾಸನಗಳ ಬಿರುದಾವಳಿಗಳಲ್ಲಿ ಶೂರನೆಂದೂ ಮಿಕ್ಕವರನ್ನು ಅಡಗಿಸಿದವನೆಂದೂ ಅರ್ಥಕೊಡುವ ಈ ಶಬ್ದ ಇಂದಿನ ಮನೆಮಾತಿನಲ್ಲಿ ಪತಿ ಎಂಬಲ್ಲಿಗೆ ಬಂದು ನಿಂತಿದೆ. ಹೀಗೆ ಗಂಡಸುತನವನ್ನು ಕುರಿತ ನಮ್ಮ ಶಬ್ದಗಳೊಳಗೇ ಎರಡು ಪಾಠಗಳು ಅಡಗಿವೆ. ಮತ್ತೊಬ್ಬರ ಕೆಲಸಕ್ಕೆ ಒದಗುವುದು ಒಂದು. ಮತ್ತೊಬ್ಬರ ಮೇಲೆ ನಿಲ್ಲುವುದು ಇನ್ನೊಂದು.

ಹುಡುಗರು ಗಂಡಸರಾಗುವ ಬಗೆಯನ್ನು ಪಠ್ಯಪುಸ್ತಕಗಳಿಂದ ಕಲಿಯುವುದು ಅತ್ಯಲ್ಪ. ಊರ ಮುಂದಿನ ಕಲ್ಲು, ಜಾತ್ರೆಯ ಮೆರವಣಿಗೆ, ಸ್ಥಳದ ಪುರಾಣ, ತೆರೆಯ ಮೇಲಿನ ಚಿತ್ರ, ಹೊಲದಲ್ಲಿ ತಂದೆ ನಡೆದುಕೊಳ್ಳುವ ರೀತಿ—ಇವೇ ಅವರ ಗುರುಗಳು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನೂ ಅದಕ್ಕೆ ಹೊಂದಿದ ಚಿನ್ನದ ಗಣಿಯ ಪ್ರದೇಶವನ್ನೂ ಮುಂದಿಟ್ಟುಕೊಂಡು, ಮೇಲ್ಕಂಡ ಎರಡು ಪಾಠಗಳಲ್ಲಿ ಯಾವುದನ್ನು ಯಾವ ಕಲೆ ಕಲಿಸುತ್ತಿದೆ ಎಂಬುದನ್ನು ವಿಮರ್ಶಿಸುವುದು ನಮ್ಮ ಉದ್ದೇಶ. ವಿಮರ್ಶೆಗೆ ನಾವು ಹಿಡಿದಿರುವ ಒರೆಗಲ್ಲು ಒಂದೇ: ಈ ಗಂಡಸು ಯಾರಿಗೆ ಉತ್ತರ ಹೇಳಬೇಕಾದವನು? ಅವನನ್ನು ಪ್ರಶ್ನಿಸುವ ಅಧಿಕಾರ ಕಥೆಯೊಳಗೆ ಯಾರಿಗಾದರೂ ಉಂಟೆ?

2

ಮೊದಲು ವೀರಗಲ್ಲುಗಳನ್ನು ನೋಡೋಣ. ಕುವಳಾಲಪುರವೆಂಬ ಹೆಸರಿನಿಂದ ಗಂಗರ ಬಿರುದುಗಳಲ್ಲಿ ನೆಲೆಗೊಂಡ ಈ ಸೀಮೆಯ ಮೇಲೆ ಬಾಣರು, ಗಂಗರು, ನೊಳಂಬರು, ಅನಂತರ ಚೋಳರು ಶತಮಾನಗಳ ಕಾಲ ಸೆಣಸಿದರು. ಆ ಸೆಣಸಾಟದ ಲೆಕ್ಕವನ್ನು ಅರಸರ ತಾಮ್ರಪಟಗಳಿಗಿಂತ ಹಳ್ಳಿಯ ಕಲ್ಲುಗಳು ಹೆಚ್ಚು ನಂಬಿಕೆಯಿಂದ ಇಟ್ಟಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಗೇ ಮೀಸಲಾದುದು. ಅದರ ಪುಟಗಳನ್ನು ತಿರುವಿದವರಿಗೆ ತುರುಗೊಳ್, ಊರಳಿವುಗಳಲ್ಲಿ ಮಡಿದವರ ಸಾಲು ಕಣ್ಣಿಗೆ ಕಟ್ಟುತ್ತದೆ.

ವೀರಗಲ್ಲಿನ ರಚನೆ ಬಲ್ಲವರಿಗೆ ಹೊಸದಲ್ಲ. ಸಾಮಾನ್ಯವಾಗಿ ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ದೇವಸನ್ನಿಧಿ; ಹಳೆಯ ಕಲ್ಲುಗಳಲ್ಲಿ ಹೋರಾಟದ ಒಂದೇ ಫಲಕವಿರುವುದೂ ಉಂಟು. ನಮ್ಮ ಗಮನ ಬೀಳಬೇಕಾದುದು ಚಿತ್ರಕ್ಕಿಂತ ಬರಹದ ಮೇಲೆ. ಅಲ್ಲಿ ವೀರನು ಇಂಥವನ ಮಗ, ಇಂಥವನ ಆಳು, ಇಂಥ ಊರಿನವನು ಎಂದು ಮೂರು ಸಂಬಂಧಗಳಿಂದ ಗುರುತಿಸಲ್ಪಡುತ್ತಾನೆ. ಅವನು ಗೆದ್ದ ರಾಜ್ಯವನ್ನು ಹೇಳುವ ಕಲ್ಲು ವಿರಳ. ತುರುಗಳನ್ನು ಮರಳಿಸಿ ಸತ್ತನೆಂದು ಹೇಳುವ ಕಲ್ಲುಗಳು ಹಲವು. ಅನೇಕ ಕಲ್ಲುಗಳು ಅಲ್ಲಿಗೂ ನಿಲ್ಲದೆ, ಅವನ ಮನೆಯವರಿಗೆ ಕಲ್ನಾಡನ್ನೋ ನೆತ್ತರುಗೊಡಗೆಯನ್ನೋ ಬಿಟ್ಟುದನ್ನು ದಾಖಲಿಸಿ, ಆ ದತ್ತಿಯನ್ನು ಕೆಡಿಸುವವನಿಗೆ ಶಾಪ ಹಾಕಿ ಮುಗಿಯುತ್ತವೆ. ಎಂದರೆ ವೀರಗಲ್ಲು ಹೊಗಳಿಕೆ ಮಾತ್ರವಲ್ಲ, ಋಣಪತ್ರವೂ ಹೌದು. ಸತ್ತವನಿಗೆ ಊರು ತಾನೇನು ಕೊಡಬೇಕೆಂಬುದನ್ನು ಕಲ್ಲಿನ ಮೇಲೆ ಬರೆದು ಬಯಲಿನಲ್ಲಿ ನಿಲ್ಲಿಸಿದೆ.

ಇದನ್ನು ಕಂಡು ಹಳೆಯ ಕಾಲವನ್ನು ಕೊಂಡಾಡತೊಡಗುವುದು ಚರಿತ್ರಕಾರನಿಗೆ ತರವಲ್ಲ. ಕದಿಯಲ್ಪಟ್ಟ ದನ ಬಹುಸಾರಿ ಒಡೆಯನದು, ಸತ್ತವನು ಆಳು. ಗಂಗರ ಕಾಲದ ಕೀಳ್ಗುಂಟೆಯ ಪದ್ಧತಿಯಲ್ಲಿ ಒಡೆಯನು ಸತ್ತಾಗ ಆಳೂ ಅವನೊಡನೆ ಮಣ್ಣಾಗಬೇಕಾಗಿತ್ತು. ಸೇವೆ ಎಂಬ ಮಾತಿನ ಮರೆಯಲ್ಲಿ ಇಂತಹ ಕ್ರೌರ್ಯವೂ ನಡೆಯಿತು. ‘ಆಳು’ ಎಂಬ ಮೊದಲನೆಯ ಪಾಠ ತಾನೇ ನಿರ್ದೋಷಿಯೆಂದು ನಾವು ಹೇಳುವುದಿಲ್ಲ. ಅದರಲ್ಲಿ ಋಣದ ಲೆಕ್ಕ ಎರಡು ಕಡೆಗೂ ಇತ್ತೆಂಬಷ್ಟನ್ನು ಮಾತ್ರ ಹೇಳುತ್ತೇವೆ. ಆ ಗುಣವನ್ನು ನಮ್ಮ ಹಿರಿಯರು ಗಂಡಸಿನ ಸ್ವತ್ತೆಂದೇನೂ ಬಗೆಯಲಿಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ, ಹತ್ತನೆಯ ಶತಮಾನದ ನಡುವೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

3

ವೀರಗಲ್ಲಿನಲ್ಲಿ ಗಂಡಸನ್ನು ಅಳೆಯುವವರು ಊರಿನವರು. ಇದೇ ಸೀಮೆಯ ಬೇರೆರಡು ಸಂಪ್ರದಾಯಗಳಲ್ಲಿ ಅಳತೆಗೋಲು ತಾಯಿಯ ಕೈಯಲ್ಲಿದೆ.

ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ವಾಲ್ಮೀಕಿಯ ಆಶ್ರಮವಿದ್ದ ಎಡೆಯೆಂದೂ ಲವಕುಶರು ಹುಟ್ಟಿದ ಎಡೆಯೆಂದೂ ಜನ ನಂಬುತ್ತಾರೆ. ಬೆಟ್ಟದ ಮೇಲೆ ಸೀತೆಯ ಗುಡಿ. ಕೆಳಗೆ ನೊಳಂಬರ ಕಾಲಕ್ಕೆ ಸಲ್ಲುವ ರಾಮಲಿಂಗೇಶ್ವರ ಗುಡಿಗಳ ಸಮುಚ್ಚಯ. ಅಲ್ಲಿನ ಲಿಂಗಗಳಿಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರು. ಸ್ಥಳಪುರಾಣದ ಐತಿಹಾಸಿಕತೆ ನಮಗೆ ಇಲ್ಲಿ ಪ್ರಸ್ತುತವಲ್ಲ. ಆ ಕಥೆ ಹುಡುಗರಿಗೆ ಏನು ಕಲಿಸುತ್ತದೆಂಬುದು ಪ್ರಸ್ತುತ. ತಂದೆ ತೊರೆದ ಮಕ್ಕಳನ್ನು ತಾಯಿ ಸಾಕುತ್ತಾಳೆ. ಮಕ್ಕಳು ತಂದೆಯ ಕುದುರೆಯನ್ನು ಕಟ್ಟಿ ಅವನ ಸೈನ್ಯವನ್ನೇ ಹಿಮ್ಮೆಟ್ಟಿಸುತ್ತಾರೆ. ಸೇಡು ತೀರಿಸಿಕೊಳ್ಳಲು ಸೀತೆಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೊಂದಿಲ್ಲ. ಆಕೆ ಅದನ್ನು ಬಯಸುವುದಿಲ್ಲ. ಗೆದ್ದ ಮಕ್ಕಳಿಗೆ ಎದುರಾಳಿ ಯಾರೆಂಬುದು ತಿಳಿದು ಯುದ್ಧ ನಿಲ್ಲುತ್ತದೆ. ಆ ಮಕ್ಕಳು ಬಿಲ್ವಿದ್ಯೆಯೊಡನೆ ಕಥೆ ಹಾಡುವ ವಿದ್ಯೆಯನ್ನೂ ಕಲಿತವರು, ತಂದೆಯ ಸಭೆಯಲ್ಲಿ ತಾಯಿಯ ಕಥೆಯನ್ನೇ ಹಾಡಿದವರು ಎಂಬುದನ್ನು ಮರೆಯಲಾಗದು. ಅವರ ಪೌರುಷ ಪೂರ್ಣವಾಗುವುದು ಬಾಣದಿಂದಲ್ಲ, ಆ ಹಾಡಿನಿಂದ.

ಎರಡನೆಯದು ಕರಗ. ತಿಗಳ ಸಮುದಾಯದವರು ದ್ರೌಪದಿಯನ್ನು ಆರಾಧಿಸುವ ಈ ಉತ್ಸವ ಬೆಂಗಳೂರಿನ ಧರ್ಮರಾಯನ ಗುಡಿಯಿಂದ ಜಗತ್ಪ್ರಸಿದ್ಧವಾಗಿದ್ದರೂ ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿಯೂ ಅಷ್ಟೇ ಶ್ರದ್ಧೆಯಿಂದ ನಡೆಯುತ್ತದೆ. ಕರಗ ಹೊರುವವನು ಗಂಡಸು. ಅವನು ದಿನಗಟ್ಟಲೆ ವ್ರತಸ್ಥನಾಗಿ ಮನೆಯಿಂದ ದೂರವಿದ್ದು, ಉತ್ಸವದ ರಾತ್ರಿ ಹೆಣ್ಣಿನ ಉಡುಗೆಯುಟ್ಟು ಬಳೆ ತೊಟ್ಟು ಮಲ್ಲಿಗೆಯ ಗೋಪುರವನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿಯುತ್ತಾನೆ. ಬೆಂಗಳೂರಿನ ಸಂಪ್ರದಾಯದಲ್ಲಿ ಅವನ ಹೆಂಡತಿ ತನ್ನ ತಾಳಿಯನ್ನೂ ಬಳೆಯನ್ನೂ ಅವನಿಗೆ ಒಪ್ಪಿಸಿ, ಉತ್ಸವ ಮುಗಿಯುವವರೆಗೆ ಅವನ ಕಣ್ಣಿಗೆ ಬೀಳದಿರುತ್ತಾಳೆ. ಸುತ್ತ ಕತ್ತಿ ಹಿಡಿದ ವೀರಕುಮಾರರ ಕಾವಲು. ಕರಗ ಜಾರಿದರೆ ಆ ಕತ್ತಿಗಳು ಹೊತ್ತವನ ಮೇಲೆಯೇ ತಿರುಗಬೇಕೆಂಬ ನಂಬಿಕೆಯುಂಟು.

ಬೇರೆ ದಿನಗಳಲ್ಲಿ ‘ಬಳೆ ತೊಟ್ಟುಕೊ’ ಎಂಬುದು ನಮ್ಮ ಬೀದಿಗಳಲ್ಲಿ ಗಂಡಸಿಗೆ ಹಾಕುವ ಅತಿ ದೊಡ್ಡ ಬೈಗುಳ. ಅದೇ ಬೀದಿಯಲ್ಲಿ ವರ್ಷಕ್ಕೊಂದು ರಾತ್ರಿ ಬಳೆ ತೊಟ್ಟ ಗಂಡಸಿನ ಕಾಲಿಗೆ ಊರೆಲ್ಲ ಎರಗುತ್ತದೆ. ಇದನ್ನು ಕಂಡು ಬೆಳೆದ ಹುಡುಗನಿಗೆ ಬಲವೆಂದರೆ ಭಾರವನ್ನು ಬೀಳದಂತೆ ಹೊರುವುದು ಎಂಬ ಅರಿವು ಮೂಡಬಾರದೇಕೆ? ಬೆಳಗಾದ ಮೇಲೆ ಆ ಪಾಠ ಮನೆಯೊಳಕ್ಕೆ ಬರುವುದಿಲ್ಲ, ಅಡುಗೆಮನೆಯ ಬಳೆಯ ಸದ್ದಿಗೆ ಆ ಗೌರವ ಸಲ್ಲುವುದಿಲ್ಲ ಎಂಬುದೂ ನಿಜವೇ. ಉತ್ಸವ ಕಲಿಸುವುದನ್ನು ದಿನಚರಿ ಅಳಿಸಬಲ್ಲದು.

4

ಈ ಹಿನ್ನೆಲೆಯಲ್ಲಿ ‘ಕೆ.ಜಿ.ಎಫ್.’ ಚಲನಚಿತ್ರವನ್ನು ಪರಿಶೀಲಿಸಬೇಕು. ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ, ಯಶ್ ಅವರ ನಾಯಕತ್ವದಲ್ಲಿ, ಇದರ ಮೊದಲ ಭಾಗ 2018ರ ಡಿಸೆಂಬರಿನಲ್ಲಿಯೂ ಎರಡನೆಯ ಭಾಗ 2022ರ ಏಪ್ರಿಲಿನಲ್ಲಿಯೂ ತೆರೆಕಂಡು ಭಾರತದಾದ್ಯಂತ ಅಪಾರ ಜನಾದರಣೆ ಪಡೆದುದು ಸರ್ವವಿದಿತ. ಕನ್ನಡ ಚಿತ್ರವೊಂದು ಇಷ್ಟು ದೂರ ಹೋದುದು ಸಂತೋಷದ ಸಂಗತಿಯೇ. ಅದರ ತಾಂತ್ರಿಕ ಕೌಶಲವನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ಸೀಮೆಯ ಹೆಸರನ್ನೇ ಹೊತ್ತಿರುವುದರಿಂದ ಮಾತ್ರ ಅದನ್ನು ನಮ್ಮ ಸೀಮೆಯ ಒರೆಗಲ್ಲಿಗೆ ಉಜ್ಜುವ ಹಕ್ಕು ನಮಗುಂಟು.

ಮೇಲುನೋಟಕ್ಕೆ ಈ ಚಿತ್ರ ಹಳೆಯ ಪಾಠಗಳನ್ನೇ ಮುಂದುವರಿಸುವಂತೆ ತೋರುವುದು. ತಂದೆಯ ಆಸರೆಯಿಲ್ಲದ ಮಗ ಇಲ್ಲಿದ್ದಾನೆ, ಅವನನ್ನು ಒಬ್ಬಳೇ ಸಾಕಿದ ತಾಯಿ ಇದ್ದಾಳೆ, ಕಾಪಾಡಬೇಕಾದ ಜನಸಮುದಾಯವಿದೆ. ಮುಂಬಯಿಯ ಬೀದಿಯಲ್ಲಿ ಮಗುವನ್ನೆತ್ತಿಕೊಂಡ ಬಡತಾಯಿಯೊಬ್ಬಳು ಕೆಳಗೆ ಬಿದ್ದ ರೊಟ್ಟಿಯನ್ನು ಆಯ್ದುಕೊಳ್ಳುವವರೆಗೆ ನಾಯಕನು ವಾಹನಗಳನ್ನು ತಡೆದು ನಿಲ್ಲಿಸುವ ದೃಶ್ಯದಲ್ಲಿ ನಿಜವಾದ ಮಾನವೀಯತೆಯಿದೆ. ಆದರೆ ಆವನಿಯ ತಾಯಿಗೂ ಈ ತಾಯಿಗೂ ಇರುವ ಅಂತರವನ್ನು ನೋಡಬೇಕು. ಔಷಧೋಪಚಾರಕ್ಕೆ ಗತಿಯಿಲ್ಲದೆ ಸಾಯುವ ಈಕೆ, ಬಡವನಾಗಿ ಸಾಯಬೇಡ, ಸಿರಿವಂತನೂ ಬಲವಂತನೂ ಆಗಿ ಸಾಯಿ ಎಂಬ ಅರ್ಥದ ಭಾಷೆಯನ್ನು ಮಗನಿಂದ ಪಡೆಯುತ್ತಾಳೆ. ಬಡತನದ ಸಂಕಟದಿಂದ ಹೊರಟ ಆ ಮಾತು ಸಹಜವಾದುದು. ಬದುಕಿದ್ದರೆ ಆಕೆ ಮಗನ ನಡತೆಯನ್ನು ಕಂಡು ಸಾಕೆನ್ನಬಹುದಾಗಿತ್ತು. ಕಥೆ ಆಕೆಗೆ ಆ ಅವಕಾಶವನ್ನು ಕೊಡುವುದಿಲ್ಲ. ಸತ್ತ ತಾಯಿ ಆಜ್ಞೆಯಾಗಿ ಉಳಿಯುತ್ತಾಳೆ, ಪ್ರಶ್ನೆಯಾಗಿ ಉಳಿಯುವುದಿಲ್ಲ. ಎರಡನೆಯ ಭಾಗದಲ್ಲಿ ನಾಯಕನ ಹೆಂಡತಿಯೂ ಗರ್ಭಿಣಿಯಾಗಿದ್ದಾಗಲೇ ಕೊಲ್ಲಲ್ಪಡುವುದರಿಂದ, ಮನೆಯೊಳಗಿಂದ ಅವನನ್ನು ಕೇಳುವವರು ಯಾರೂ ಉಳಿಯುವುದಿಲ್ಲ.

ಗಣಿಯ ಜನರ ವಿಷಯವೂ ಹೀಗೆಯೇ. ‘ನರಾಚಿ’ ಎಂಬ ಕಲ್ಪಿತ ಗಣಿಯಲ್ಲಿ ಅವರು ಮೊದಲು ಕ್ರೂರ ಒಡೆಯನ ಗುಲಾಮರು. ಅವನ ವಧೆಯಾದ ಮೇಲೆ ನಾಯಕನ ಭಕ್ತರು. ಅವನು ಅವರಿಗೆ ವಸತಿ ಕಲ್ಪಿಸುವುದೂ ಕೊನೆಗೆ ಅಪಾಯದಿಂದ ಹೊರಗೆ ಕಳುಹಿಸುವುದೂ ಹೌದು. ಆದರೆ ಆಳುಗಳ ನಡುವಿನಿಂದ ಎದ್ದು ‘ಇದು ಹೀಗಲ್ಲ’ ಎನ್ನುವ ಒಂದು ಗಟ್ಟಿ ದನಿ ಇಲ್ಲ. ಮುಕ್ತಾಯದಲ್ಲಿ ನಾಯಕನು ಚಿನ್ನದೊಡನೆ ಹಡಗಿನಲ್ಲಿ ಸಮುದ್ರದ ಪಾಲಾಗುತ್ತಾನೆ. ವೀರಗಲ್ಲಿನ ವೀರ ಸತ್ತಾಗ ಮನೆಗೆ ನೆಲ ಉಳಿಯಿತು. ಈ ವೀರ ಸತ್ತಾಗ ಜನರು ಅಗೆದ ಚಿನ್ನವೂ ಅವನೊಡನೆ ಮುಳುಗಿತು. ‘ಆಳು’ ಎಂಬ ಶಬ್ದದ ಕ್ರಿಯಾರ್ಥ ಮಾತ್ರ ಇಲ್ಲಿ ಉಳಿದಿದೆ.

ಇದಕ್ಕೆ ಮಾರುತ್ತರವಾಗಿ 1972ರ ‘ಬಂಗಾರದ ಮನುಷ್ಯ’ ಚಿತ್ರವನ್ನು ಮುಂದಿಡುವುದು ವಾಡಿಕೆ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜಕುಮಾರರ ರಾಜೀವನು ಅಕ್ಕನ ಸಂಸಾರಕ್ಕೆ ಆಸರೆಯಾಗಿ ಬರಡು ನೆಲವನ್ನು ಹಸನುಮಾಡುತ್ತಾನೆ. ಮೊದಲನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಕನ್ನಡ ತೆರೆಯ ಮೇಲೆ ದುರ್ಲಭ. ಆದರೂ ಒಂದು ಮಾತು ಹೇಳಬೇಕಾಗಿದೆ. ಅವನು ಬೆಳೆಸಿದ ಹುಡುಗನೇ ಅವನ ನಡತೆಯನ್ನು ಸಂದೇಹಿಸಿ ಪ್ರಶ್ನಿಸಿದಾಗ ರಾಜೀವನು ವಿವರಣೆ ಕೊಡದೆ, ಊಟ ಬಿಟ್ಟೆದ್ದು, ಎಲ್ಲವನ್ನೂ ತೊರೆದು ನಡೆದುಬಿಡುತ್ತಾನೆ. ಆ ಮೌನವನ್ನು ಪ್ರೇಕ್ಷಕರು ಕಣ್ಣೀರಿನಿಂದ ಗೌರವಿಸಿದರು. ನಮಗೆ ತೋರುವಂತೆ, ಆಳುವವನು ಪ್ರಶ್ನೆಯನ್ನು ಹುಟ್ಟಗೊಡುವುದಿಲ್ಲ. ತ್ಯಾಗಿಯು ಪ್ರಶ್ನೆ ಹುಟ್ಟಿದೊಡನೆ ಎದ್ದುಹೋಗುತ್ತಾನೆ. ಕುಳಿತು ಉತ್ತರ ಹೇಳುವ ಗಂಡಸನ್ನು ಈ ಎರಡು ಚಿನ್ನದ ಚಿತ್ರಗಳಲ್ಲಿ ಒಂದೂ ತೋರಿಸುವುದಿಲ್ಲ.

5

ಅಂತಹ ಗಂಡಸರು ಚಿನ್ನದ ಗಣಿಯಲ್ಲಿಯೇ ಇದ್ದರು ಎಂಬುದು ಚರಿತ್ರೆಯ ವಿಪರ್ಯಾಸ. ಚಿತ್ರದಲ್ಲಿ ಚಿನ್ನ ದೊರೆಯುವುದೂ ನಾಯಕನು ಹುಟ್ಟುವುದೂ 1951ರಲ್ಲಿ, ಒಂದೇ ಗಳಿಗೆಯಲ್ಲಿ. ವಾಸ್ತವವಾಗಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಆರಂಭಿಸಿದ್ದು 1880ರಲ್ಲಿ. ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದುದು 1902ರಲ್ಲಿ. ಚಿತ್ರದ ನಾಯಕ ಹುಟ್ಟುವ ವೇಳೆಗೆ ಗಣಿಗೆ ಎಪ್ಪತ್ತು ವರ್ಷ ದಾಟಿತ್ತು. ಎರಡು ಮೂರು ತಲೆಮಾರುಗಳು ಅದರೊಳಗೆ ಇಳಿದು ಹತ್ತಿದ್ದವು. ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ, ನಿಜ. ಆದರೆ ಗಣಿಯ ಆರಂಭವನ್ನು ನಾಯಕನ ಜನನಕ್ಕೆ ತಂದು ಜೋಡಿಸಿದಾಗ ಅಳಿಸಿಹೋಗುವುದು ಆ ತಲೆಮಾರುಗಳೇ.

ಅವರಲ್ಲಿ ಬಹುಮಂದಿ ತಮಿಳು ನಾಡಿನ ಜಿಲ್ಲೆಗಳಿಂದ ಬಂದ, ಹೆಚ್ಚಾಗಿ ದಲಿತ ಜಾತಿಗಳಿಗೆ ಸೇರಿದ ಕಾರ್ಮಿಕರು. ಮೂರು ಸಾವಿರ ಮೀಟರಿಗೂ ಮೀರಿದ ಆಳದಲ್ಲಿ, ಬಂಡೆ ಸಿಡಿಯುವ ಭಯದಲ್ಲಿ, ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ಧೂಳಿನಲ್ಲಿ ಅವರು ದುಡಿದರು. ಅಂತಹ ಕೆಲಸದಲ್ಲಿ ಒಂಟಿ ವೀರನಿಗೆ ಎಡೆಯಿಲ್ಲ. ಮೇಲೆ ತೊಟ್ಟಿಲು ನಡೆಸುವವನು, ಮರದ ಆಸರೆ ಕೊಡುವವನು, ಮದ್ದು ತುಂಬುವವನು—ಒಬ್ಬನ ಜೀವ ಮತ್ತೊಬ್ಬನ ಎಚ್ಚರದಲ್ಲಿದೆ. ತಮ್ಮ ಹೆಬ್ಬೆರಳಿನ ಗುರುತು ಪಡೆದು ನೋಂದಾಯಿಸುವ ನಿಯಮ ಬಂದಾಗ, 1930ರಲ್ಲಿ, ಅವರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಆಳುಗಳೆನಿಸಿಕೊಂಡವರು ತಮ್ಮ ಮಾನವನ್ನು ಎತ್ತಿಹಿಡಿದ ಬಗೆ ಅದು: ಯಾರ ತಲೆಯನ್ನೂ ಕಡಿಯದೆ, ಮಂಡಿಯೂರದೆ, ಒಬ್ಬರಿಗೊಬ್ಬರು ಮಾತುಕೊಟ್ಟು. 1956ರಲ್ಲಿ ಗಣಿ ಸರ್ಕಾರದ ವಶವಾಯಿತು, 2001ರಲ್ಲಿ ಮುಚ್ಚಿತು. ಅಂದಿನಿಂದ ಆ ಊರಿನ ಸಾವಿರಾರು ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಿದ್ದಾರೆ. ಗಣಿಯ ಸಯನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ ನಡೆಯಿತು. ಆ ದಿಬ್ಬವನ್ನು ಒಟ್ಟಿದವರ ಮೊಮ್ಮಕ್ಕಳು ಟಿಕೀಟು ಕೊಂಡು ಚಿತ್ರ ನೋಡಿದರು.

ಗಣಿಯಿಂದ ಹೊಲಕ್ಕೆ ಬಂದರೂ ಇದೇ ಎರಡು ಪಾಠಗಳು ಎದುರಾಗುತ್ತವೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆ ಸಾವಿರಾರು ಕೆರೆಗಳಿಂದ ಬದುಕಿತು. ಕೆರೆಯ ನೀರನ್ನು ಹಂಚುತ್ತಿದ್ದ ನೀರುಗಂಟಿ ಊರಿನ ಆಳು. ತೂಬು ಎತ್ತುವ ಅಧಿಕಾರ ಅವನದು, ಆದರೆ ಕೊನೆಯ ಗದ್ದೆಯವನಿಗೂ ಅವನು ಉತ್ತರ ಹೇಳಬೇಕಾಗಿತ್ತು. ಅಂದಿನ ಹಂಚಿಕೆಯಲ್ಲಿ ಜಾತಿಯ ಪಕ್ಷಪಾತವಿರಲಿಲ್ಲವೆಂದು ಯಾರೂ ಹೇಳಲಾರರು. ಕೊಳವೆ ಬಾವಿ ಬಂದ ಮೇಲೆ ಪ್ರತಿಯೊಬ್ಬ ರೈತನೂ ತನ್ನ ನೆಲದಲ್ಲಿ ಒಂಟಿಯಾಗಿ ಕೊರೆಯತೊಡಗಿದನು. ಸಾವಿರ ಅಡಿಯನ್ನೂ ಮೀರಿ ಕೊರೆದು ನೀರು ಕಾಣದೆ ಮತ್ತೊಂದಕ್ಕೆ ಸಾಲ ಮಾಡುವುದು ಶ್ರೀನಿವಾಸಪುರದ ಮಾವಿನ ತೋಪುಗಳಿಂದ ಮಾಲೂರಿನ ತರಕಾರಿ ಹೊಲಗಳವರೆಗೆ ಕಾಣುವ ಸಂಗತಿ. ಇದರಲ್ಲಿ ಲೆಕ್ಕಾಚಾರಕ್ಕಿಂತ ಹಟ ಹೆಚ್ಚು. ಸೋತೆನೆಂದು ಹೆಂಡತಿಗೆ ಹೇಳುವುದು ಗಂಡಸುತನಕ್ಕೆ ಕುಂದೆಂಬ ಭಾವನೆ ಎಷ್ಟೋ ಮನೆಗಳನ್ನು ಸಾಲದ ಬಾವಿಗೆ ನೂಕಿದೆ. ಅದೇ ಮನೆಯಲ್ಲಿ ಹೆಂಗಸರು ನಸುಕಿನಲ್ಲೆದ್ದು ಹಸು ಕರೆದು, ಸಹಕಾರ ಸಂಘಕ್ಕೆ ಹಾಲು ಹಾಕಿ, ಸಂಸಾರವನ್ನು ತೇಲಿಸುತ್ತಿರುವುದನ್ನು ಯಾರೂ ಪೌರುಷವೆಂದು ಕರೆಯುವುದಿಲ್ಲ. 2018ರಿಂದ ಕೆ. ಸಿ. ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಗುಣದ ವಿಚಾರ ಬೇರೆ. ಕೆರೆ ತುಂಬಿದ ಕಡೆ ಹಂಚಿಕೊಳ್ಳುವ ಮಾತು ಮತ್ತೆ ಏಳಲೇಬೇಕಾಗಿದೆ.

6

ಚಲನಚಿತ್ರವನ್ನು ದೂಷಿಸುವುದಾಗಲಿ, ಯುವಕರು ಅದನ್ನು ನೋಡಬಾರದೆಂದು ವಿಧಿಸುವುದಾಗಲಿ ಈ ಲೇಖನದ ಇಂಗಿತವಲ್ಲ. ಬಡತನದ ಅವಮಾನವನ್ನುಂಡ ಹುಡುಗನಿಗೆ ತೆರೆಯ ಮೇಲೆ ತಲೆಯೆತ್ತಿ ನಡೆಯುವವನು ಪ್ರಿಯನಾಗುವುದು ಅಸಹಜವಲ್ಲ. ಆ ಹಸಿವನ್ನು ಗೌರವಿಸದ ವಿಮರ್ಶೆ ಬೋಳು ನೀತಿಬೋಧೆಯಾದೀತು. ನಮ್ಮ ಆಕ್ಷೇಪವಿರುವುದು ಆ ಹಸಿವಿಗೆ ಬಡಿಸಿದ ಊಟದ ಬಗ್ಗೆ. ತಲೆಯೆತ್ತಬೇಕಾದರೆ ಮಿಕ್ಕವರೆಲ್ಲ ತಲೆ ತಗ್ಗಿಸಬೇಕು ಎಂದು ಚಿತ್ರ ಹೇಳುತ್ತದೆ. 1930ರ ಗಣಿಗಾರರು ಒಟ್ಟಿಗೆ ತಲೆಯೆತ್ತಿದ್ದರು.

ಆದಕಾರಣ ಈ ಸೀಮೆಯ ಕಾಲೇಜುಗಳ ಚರಿತ್ರಾಧ್ಯಾಪಕರಲ್ಲಿ ನಮ್ಮದೊಂದು ಸೂಚನೆ. ವಿದ್ಯಾರ್ಥಿಗಳು ಚಿತ್ರದ ಮಾತುಗಳನ್ನು ಬಾಯಿಪಾಠವಾಗಿ ಬಲ್ಲರು. ಅವನ್ನೇ ಪಾಠದ ಆರಂಭವಾಗಿಟ್ಟುಕೊಂಡು ಅವರವರ ಊರಿನ ವೀರಗಲ್ಲನ್ನು ಓದಿಸಬಹುದು, ಗಣಿಯಲ್ಲಿ ದುಡಿದ ಹಿರಿಯರ ನೆನಪುಗಳನ್ನು ಬರೆಸಬಹುದು, ಮನೆಯ ಕೊಳವೆ ಬಾವಿಯ ಖರ್ಚನ್ನೂ ಹಾಲಿನ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿಸಬಹುದು. ಗಣಿಯ ಹಿರಿಯರು ವರ್ಷವರ್ಷಕ್ಕೆ ವಿರಳರಾಗುತ್ತಿರುವುದರಿಂದ ಈ ಕೆಲಸಕ್ಕೆ ಕಾಲ ಹೆಚ್ಚಿಲ್ಲ. ಎಷ್ಟೋ ಊರುಗಳಲ್ಲಿ ವೀರಗಲ್ಲು ರಸ್ತೆಯ ಬದಿಯ ಮಣ್ಣಿನಲ್ಲಿ ಅರ್ಧ ಹೂತು, ಬಟ್ಟೆ ಒಗೆಯುವ ಚಪ್ಪಡಿಯಾಗಿ ಸವೆಯುತ್ತಿದೆ. ಅದನ್ನೆತ್ತಿ ನಿಲ್ಲಿಸುವ ಹುಡುಗರು ಅದರ ಮೇಲಿರುವ ಕತ್ತಿಯನ್ನು ಮಾತ್ರ ನೋಡಿ ಹಿಂದಿರುಗದೆ, ಕೆಳಗಿನ ಸಾಲುಗಳಲ್ಲಿ ಯಾರಿಗೆ ಯಾರು ಎಷ್ಟು ನೆಲ ಬಿಟ್ಟರೆಂಬುದನ್ನೂ ಓದಲಿ.